ಅಸಿಮೋವ್ ಕಾದಂಬರಿಗಳನ್ನು ಬಳಗ ಕಟ್ಟಿ ಓದುವುದು ಹೇಗೆ: ಬಳ್ಳಾರಿ ಸೀಮೆಯ ಓದುಗರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಕಾದಂಬರಿಗಳನ್ನು ಕೂಡಿ ಓದೋಣ ಎಂದು ಹೊರಟ ಬಳಗಗಳು ನಮ್ಮ ಕಡೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ವಾಟ್ಸಾಪ್ ಗುಂಪು ಆಗುತ್ತದೆ. ಯಾರೋ ಒಬ್ಬರು ಉದ್ದನೆಯ ಪಟ್ಟಿ ಹಾಕುತ್ತಾರೆ. ಪಟ್ಟಿಯ ಮೊದಲ ಪುಸ್ತಕವನ್ನು ಎಲ್ಲರೂ ಕೊಳ್ಳುತ್ತಾರೆ, ಐವತ್ತನೇ ಪುಟ ದಾಟುವುದರೊಳಗೆ ಅರ್ಧ ಜನ ಕೆಳಗಿಡುತ್ತಾರೆ. ಉಳಿದವರ ನಡುವೆ ಎಲ್ಲವನ್ನೂ ಮೊದಲೇ ಓದಿ ಮುಗಿಸಿದ ಒಬ್ಬರು ಇದ್ದೇ ಇರುತ್ತಾರೆ; ಅವರು ಹುರುಪು ತಡೆಯಲಾರದೆ ಕೊನೆಯ ಗುಟ್ಟನ್ನು ಹೇಳಿಬಿಡುತ್ತಾರೆ. ಅಲ್ಲಿಗೆ ಬಳಗ ಮುಗಿಯಿತು.

ಅಸಿಮೋವ್ ಕಥೆಯ ಜೀವ ಇರುವುದು ಒಗಟಿನಲ್ಲಿ. ಆ ಒಗಟನ್ನು ತಾನೇ ಬಿಡಿಸುವ ಸುಖ ಒಬ್ಬ ಓದುಗನಿಗೆ ಒಂದು ಪುಸ್ತಕದಿಂದ ಒಂದೇ ಸಲ ಸಿಗುತ್ತದೆ. ಮುಂದೆ ಹೇಳುವ ಹಂತ, ನಿಯಮ, ಎಚ್ಚರಿಕೆ ಎಲ್ಲವೂ ಆ ಸುಖವನ್ನು ಪಕ್ಕದಲ್ಲಿ ಕೂತವರಿಗೂ ಉಳಿಸಿಕೊಡುವುದಕ್ಕಾಗಿ. ಕಾದಂಬರಿಗಳ ಗುಟ್ಟನ್ನು ನಾನಿಲ್ಲಿ ಎಲ್ಲೂ ಬಿಚ್ಚಿಲ್ಲ, ಹೊಸಬರು ಧೈರ್ಯವಾಗಿ ಓದಬಹುದು.

## ಮೊದಲು ಕೂಡಿಸಿಕೊಳ್ಳಬೇಕಾದವು

ಪುಸ್ತಕಗಳು ಒಂದೇ ಮುದ್ರಣದ್ದು ಸಿಗುವುದಿಲ್ಲ. ಒಬ್ಬರು ಆನ್‌ಲೈನ್‌ನಲ್ಲಿ ಹೊಸದು ತರಿಸಿದರೆ, ಇನ್ನೊಬ್ಬರು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಹೈದರಾಬಾದಿನ ಅಬಿಡ್ಸ್ ಭಾನುವಾರದ ಪುಸ್ತಕ ಸಂತೆಯಲ್ಲೋ ಹಳೇ ಪ್ರತಿ ಹುಡುಕುತ್ತಾರೆ. ಆದ್ದರಿಂದ "ನೂರನೇ ಪುಟದವರೆಗೆ ಓದಿ ಬನ್ನಿ" ಎಂದು ಎಂದೂ ಹೇಳಬೇಡಿ. ಅಧ್ಯಾಯದ ಸಂಖ್ಯೆ ಹೇಳಿ. ಇಷ್ಟು ಸಣ್ಣ ವಿಷಯಕ್ಕೆ ಇಡೀ ಸಂಜೆ ಹಾಳಾಗುವುದುಂಟು: ಒಬ್ಬರು ಕೊಲೆಗಾರನ ಹೊಸ್ತಿಲಲ್ಲಿ ನಿಂತಿರುತ್ತಾರೆ, ಇನ್ನೊಬ್ಬರಿಗೆ ಕೊಲೆಯಾದದ್ದೇ ಗೊತ್ತಿರುವುದಿಲ್ಲ.

ಪಿಡಿಎಫ್ ಹಂಚುವ ಚಾಳಿ ಬೇಡ. ಅಸಿಮೋವ್ ತೀರಿಕೊಂಡದ್ದು 1992ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ಮರಣದ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುವುದರಿಂದ 2052ರ ಕೊನೆಯವರೆಗೆ ಈ ಪುಸ್ತಕಗಳು ಯಾರೂ ಹಂಚಬಹುದಾದ ಸ್ವತ್ತಲ್ಲ. ಮೂರು ಜನಕ್ಕೆ ಒಂದು ಪ್ರತಿಯಂತೆ ದುಡ್ಡು ಕೂಡಿಸಿ ತರಿಸಿದರೆ ಹೊರೆಯಾಗುವುದಿಲ್ಲ. ಕೈಯಿಂದ ಕೈಗೆ ದಾಟಿಸುವ ನೆಪದಲ್ಲಿ ವಾರದ ನಡುವೆ ಭೇಟಿಯೂ ಆಗುತ್ತದೆ.

ಇದಲ್ಲದೆ ಬೇಕಾದದ್ದು ಗೋಡೆಗೆ ಅಂಟಿಸುವಷ್ಟು ಉದ್ದದ ಕಾಗದ (ಹಳೇ ಕ್ಯಾಲೆಂಡರ್ ಹಾಳೆಗಳನ್ನು ಹಿಂದುಮುಂದಾಗಿ ಜೋಡಿಸಿದರೂ ಆದೀತು), ಎರಡು ಬಣ್ಣದ ಸ್ಕೆಚ್ ಪೆನ್, ಒಂದು ಸೀಮೆಸುಣ್ಣ, ಚೀಟಿ ಹಾಕಲು ಮುಚ್ಚಳವಿರುವ ಒಂದು ಡಬ್ಬಿ, ಒಂದು ನೋಟ್‌ಬುಕ್. ಒಂದೊಂದರ ಕೆಲಸ ಮುಂದೆ ಬರುತ್ತದೆ.

## ಹಂತ 1: ಜನ, ಜಾಗ, ಹೊತ್ತು

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಎರಡು ಗುಂಪು ಮಾಡಿ. ಹೆಚ್ಚು ಜನರಿದ್ದಲ್ಲಿ ಮಾತಾಡುವವರು ಮೂವರೇ ಆಗುತ್ತಾರೆ.

ತೋರಣಗಲ್ಲಿನ ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಶಿಫ್ಟ್ ಮೇಲೆ ದುಡಿಯುವವರು ಬಳಗದಲ್ಲಿದ್ದರೆ "ಪ್ರತಿ ಭಾನುವಾರ" ಎಂಬ ನಿಯಮ ನಡೆಯುವುದಿಲ್ಲ. ತಿಂಗಳ ಶಿಫ್ಟ್ ಚಾರ್ಟ್ ಕೈಗೆ ಬಂದ ದಿನವೇ ಎಲ್ಲರೂ ಕೂಡಿ ಆ ತಿಂಗಳ ಎರಡು ದಿನ ಗುರುತು ಹಾಕಿಕೊಳ್ಳಿ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಿಗ್ಗೆ ಹತ್ತಕ್ಕೆ ಕೂರಿಸಿ ಕಥೆ ಕೇಳಿಸಬೇಡಿ. ಅವರು ಒಂದು ಸಲ ಬಂದಾರು, ಮುಂದಿನ ಸಲ ಬರಲಾರರು.

ಜಾಗ ಯಾವುದಾದರೂ ಸರಿ, ಗಾಳಿ ಮಾತ್ರ ಬೇಕು. ಏಪ್ರಿಲ್, ಮೇನಲ್ಲಿ ಮಾಳಿಗೆ ಮೇಲೆ ಕೂರೋಣ ಎನ್ನುವವರಿಗೆ ಬಳ್ಳಾರಿಯ ಕಾಂಕ್ರೀಟ್ ರಾತ್ರಿ ಎಂಟರವರೆಗೂ ಕಾವು ಬಿಡುವುದಿಲ್ಲ ಎಂಬುದು ನೆನಪಿರಲಿ. ಚಾರ್ಜ್ ಆದ ದೀಪ ಒಂದು ಕೈಗೆ ಸಿಗುವಂತಿರಲಿ. ಗ್ರಂಥಾಲಯದ ಓದುವ ಕೋಣೆ ಓದಲು ಚೆನ್ನ, ಚರ್ಚೆಗೆ ಆಗಿಬರುವುದಿಲ್ಲ; ಅಲ್ಲಿ ನಮ್ಮ ದನಿ ಏರಿದರೆ ಪರೀಕ್ಷೆಗೆ ಓದುವ ಹುಡುಗರಿಗೆ ತೊಂದರೆ. ಒಗ್ಗರಣೆ, ಮಿರ್ಚಿ ಏನಿದ್ದರೂ ಚರ್ಚೆ ಮುಗಿದ ಮೇಲೆ ತರಿಸಿ. ಎಣ್ಣೆ ಕೈ ತಾಗಿದ ಪುಸ್ತಕವನ್ನು ಮುಂದಿನವರಿಗೆ ಕೊಡಲು ಮನಸ್ಸು ಬರುವುದಿಲ್ಲ.

ಇನ್ನು ಇಂಗ್ಲಿಷ್ ವಿಷಯ. ಬಳಗ ಒಡೆಯುವುದಕ್ಕೆ ಇದು ದೊಡ್ಡ ಕಾರಣ, ಆದರೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅಸಿಮೋವ್ ಬರೆಯುವುದು ಸರಳ ಇಂಗ್ಲಿಷ್, ಮುಕ್ಕಾಲು ಪಾಲು ಸಂಭಾಷಣೆ. ಪಿಯುಸಿ ಓದಿದವರು ನಿಧಾನವಾಗಿಯಾದರೂ ದಾಟಬಲ್ಲರು. ಆದರೂ ಚರ್ಚೆ ಇಂಗ್ಲಿಷಿಗೆ ಜಾರಿತೆಂದರೆ ಕನ್ನಡ ಮಾಧ್ಯಮದಲ್ಲಿ ಕಲಿತವರು, ಮನೆಯಲ್ಲಿ ತೆಲುಗೋ ಉರ್ದುವೋ ಆಡಿ ಹೊರಗೆ ಕನ್ನಡ ಆಡುವವರು ಸುಮ್ಮನಾಗಿಬಿಡುತ್ತಾರೆ. ಪ್ರತಿ ಕೂಟಕ್ಕೂ ಒಬ್ಬರು "ಹೇಳುಗ"ರಾಗಿ. ಆ ದಿನದ ಭಾಗವನ್ನು ಮೊದಲ ಹದಿನೈದು ನಿಮಿಷ ಕನ್ನಡದಲ್ಲಿ ಹೇಳುವುದು ಅವರ ಪಾಲು, ನಿಗದಿಯಾದ ಅಧ್ಯಾಯದ ಕೊನೆಯ ಸಾಲಿಗೆ ಬಾಯಿ ಮುಚ್ಚುವುದೂ ಅವರ ಪಾಲೇ. ಮೊದಲೇ ಎಲ್ಲ ಓದಿದವರಿಗೆ ಮೊದಲ ಕೂಟಗಳಲ್ಲಿ ಈ ಕೆಲಸ ಕೊಡಬೇಡಿ. ಅವರ ಮುಖವೇ ಮುಂದಿನದನ್ನು ಹೇಳಿಬಿಡುತ್ತದೆ.

## ಹಂತ 2: ಮೊದಲ ಕೂಟಕ್ಕೆ ಒಂದೇ ಕಥೆ

ಮೊದಲ ದಿನ ಕಾದಂಬರಿ ಮುಟ್ಟಬೇಡಿ. "ದಿ ಫನ್ ದೇ ಹ್ಯಾಡ್" (1951) ಎಂಬ ಪುಟ್ಟ ಕಥೆ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ಇಂಗ್ಲಿಷ್ ಪಠ್ಯ "ಬೀಹೈವ್"ನಲ್ಲಿ ವರ್ಷಗಟ್ಟಲೆ ಇತ್ತು. ಸಿಬಿಎಸ್‌ಇ ಓದಿದ ಯಾರದಾದರೂ ಮನೆಯಲ್ಲಿ ಹಳೇ ಪ್ರತಿ ಸಿಕ್ಕೀತು. ಗಟ್ಟಿಯಾಗಿ ಓದಿದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. 2157ರ ಮೇ 17ರಂದು ಹನ್ನೊಂದು ವರ್ಷದ ಮಾರ್ಗಿ ತನ್ನ ಡೈರಿಯಲ್ಲಿ ಬರೆಯುವುದು ಇಷ್ಟೇ: ಟಾಮಿಗೆ ಇವತ್ತು ನಿಜವಾದ ಪುಸ್ತಕ ಸಿಕ್ಕಿತು.

ಕೋವಿಡ್ ಕಾಲದಲ್ಲಿ ಮೊಬೈಲ್ ಮುಂದೆ ಪಾಠ ಕೇಳಿದ ಮಕ್ಕಳು, ಕೇಳಿಸಿದ ಅಪ್ಪ ಅಮ್ಮಂದಿರು ಈ ಕಥೆ ಕೇಳಿ ಸುಮ್ಮನಿರುವುದಿಲ್ಲ. ಯಾರು ಮಾತಾಡುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಗಡಿಯಾರ ನೋಡುತ್ತಾರೆ ಎಂಬುದು ಅಂದೇ ಗೊತ್ತಾಗುತ್ತದೆ. "ಕಥೆ ಹೇಗಿತ್ತು?" ಎಂದು ಕೇಳಬೇಡಿ. "ಚೆನ್ನಾಗಿತ್ತು" ಎಂಬ ಉತ್ತರಕ್ಕೆ ಮುಂದೆ ದಾರಿಯಿಲ್ಲ. "ಮಾರ್ಗಿಯ ಯಂತ್ರ ಮೇಷ್ಟ್ರು ನಿಮ್ಮ ಮನೆಗೆ ಬಂದರೆ ಮೊದಲು ಯಾವ ವಿಷಯಕ್ಕೆ ಕೂರಿಸುತ್ತೀರಿ?" ಎಂದು ಕೇಳಿ ನೋಡಿ.

## ಹಂತ 3: ಮೂರು ನಿಯಮಗಳನ್ನು ಕಾಲಲ್ಲಿ ನಡೆದು ಕಲಿಯುವುದು

ರೋಬೋಟ್ ಕಥೆಗಳಿಗೆ ಮೂರು ನಿಯಮಗಳೇ ಅಡಿಪಾಯ. ರೋಬೋಟ್ ಮನುಷ್ಯನಿಗೆ ಕೇಡು ಮಾಡಬಾರದು, ಕೈಕಟ್ಟಿ ನಿಂತು ಕೇಡಾಗಲು ಬಿಡಲೂ ಬಾರದು. ಮೊದಲನೆಯದಕ್ಕೆ ಅಡ್ಡಿಯಾಗದಿದ್ದರೆ ಮನುಷ್ಯನ ಮಾತು ಕೇಳಬೇಕು. ಈ ಎರಡಕ್ಕೂ ಅಡ್ಡಿಯಾಗದಿದ್ದರೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಇವನ್ನು ಗೋಡೆಯ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಮುಂದೆ ವರ್ಷವಿಡೀ ಕಣ್ಣೆದುರಿರಲಿ.

ಆಮೇಲೆ "ರನ್‌ಅರೌಂಡ್" ಓದಿ. 1942ರ ಮಾರ್ಚ್‌ನಲ್ಲಿ ಅಸ್ಟೌಂಡಿಂಗ್ ಪತ್ರಿಕೆಯಲ್ಲಿ ಅಚ್ಚಾದ ಕಥೆ, ಈಗ "ಐ, ರೋಬೋಟ್" (1950) ಸಂಕಲನದಲ್ಲಿದೆ. ಮೂರೂ ನಿಯಮಗಳು ಮೊದಲ ಬಾರಿಗೆ ಸಾಲಾಗಿ ಬಂದದ್ದು ಇದರಲ್ಲೇ. ಬುಧಗ್ರಹದ ಮೇಲೆ ಪೊವೆಲ್, ಡೊನೊವನ್ ಎಂಬ ಇಬ್ಬರು. ಬಿಸಿಲಿನಿಂದ ಕಾಪಾಡುವ ಸಲಕರಣೆಗೆ ಸೆಲೆನಿಯಂ ಬೇಕು. ಹದಿನೇಳು ಮೈಲಿ ದೂರದ ಸೆಲೆನಿಯಂ ಹೊಂಡಕ್ಕೆ ಸ್ಪೀಡಿ ಎಂಬ ರೋಬೋಟನ್ನು ಕಳಿಸುತ್ತಾರೆ. ಅದು ಹೊಂಡದ ಹತ್ತಿರವೂ ಹೋಗದೆ, ವಾಪಸ್ಸೂ ಬಾರದೆ, ಕುಡಿದವರಂತೆ ಹಾಡುತ್ತಾ ಸುತ್ತುತ್ತಿರುತ್ತದೆ.

ಇಲ್ಲಿ ಓದು ನಿಲ್ಲಿಸಿ. ನೆಲದ ಮೇಲೆ ಸೀಮೆಸುಣ್ಣದಿಂದ ಹೊಂಡ ಬರೆಯಿರಿ, ಅದರ ಸುತ್ತ ಇನ್ನೊಂದು ದೊಡ್ಡ ವೃತ್ತ ಎಳೆಯಿರಿ. ಒಬ್ಬರು ಸ್ಪೀಡಿ ಆಗಲಿ. ಒಳಗೆ ಹೆಜ್ಜೆ ಇಟ್ಟರೆ "ಮೂರನೇ ನಿಯಮ" ಹಿಡಿದವರು ಹೊರಗೆ ಎಳೆಯಬೇಕು, ಹೊರಗೆ ಸರಿದರೆ "ಎರಡನೇ ನಿಯಮ" ಹಿಡಿದವರು ಒಳಗೆ ಎಳೆಯಬೇಕು. ಡೊನೊವನ್ ಅಪ್ಪಣೆ ಕೊಟ್ಟದ್ದು ಹಗುರ ದನಿಯಲ್ಲಿ. ಸ್ಪೀಡಿ ದುಬಾರಿ ಯಂತ್ರವಾದ್ದರಿಂದ ಅದರೊಳಗೆ ಮೂರನೇ ನಿಯಮವನ್ನು ಬಿಗಿ ಮಾಡಿದ್ದರು. ಹಗ್ಗ ಎರಡೂ ಕಡೆ ಸಮವಾಗಿ ಎಳೆಯುವ ಗೆರೆಯ ಮೇಲೆ ಸ್ಪೀಡಿ ಸುತ್ತಲೇಬೇಕು. ಇದು ಕಾಲಿಗೆ ಅರ್ಥವಾದ ಮೇಲೆ ಮಿಕ್ಕ ರೋಬೋಟ್ ಕಥೆಗಳಿಗೆ ಬೇರೆ ವಿವರಣೆ ಬೇಡ. ಪೊವೆಲ್ ಇದನ್ನು ಹೇಗೆ ಬಿಡಿಸಿದ ಎಂಬುದನ್ನು ಬಳಗವೇ ಊಹಿಸಲಿ, ಆಮೇಲೆ ಉಳಿದ ಪುಟಗಳನ್ನು ಓದಿ.

ಹೊಂಡದ ಬಳಿ ಸ್ಪೀಡಿಗೆ ಅಪಾಯ ಏನು ಎಂದು ಕಥೆ ಯೋಚಿಸುವಾಗ ಕಾರ್ಬನ್ ಮಾನಾಕ್ಸೈಡ್ ಮಾತು ಬರುತ್ತದೆ. ಅದು ಕಬ್ಬಿಣದ ಜೊತೆ ಸೇರಿ ಆವಿಯಾಗಿ ಹಾರಿಹೋಗುವ ಕಾರ್ಬೊನಿಲ್ ಆಗುತ್ತದೆ, ಅಂದರೆ ಕಬ್ಬಿಣದ ಮೈಯನ್ನೇ ತಿನ್ನುತ್ತದೆ. ಬ್ಲಾಸ್ಟ್ ಫರ್ನೇಸ್ ಕಡೆ ದುಡಿಯುವವರು ಬಳಗದಲ್ಲಿದ್ದರೆ ಈ ಪುಟಕ್ಕೆ ಅವರನ್ನೇ ಹೇಳುಗರನ್ನಾಗಿ ಮಾಡಿ. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಆ ಅನಿಲದ ಮಾನಿಟರ್ ಕೂಗಿದರೆ ಕೆಲಸ ಬಿಟ್ಟು ಓಡಬೇಕು ಎಂಬುದನ್ನು ಮೈಯಿಂದ ಬಲ್ಲವರು ಅವರು. ಇಂಗ್ಲಿಷ್ ಚೆನ್ನಾಗಿ ಬರುವವರಿಗಿಂತ ಅಂದು ಅವರ ಮಾತೇ ಹೆಚ್ಚು ಬೆಲೆ ಬಾಳುತ್ತದೆ, ಬಳಗದ ಸಮತೂಕಕ್ಕೆ ಅದು ಬೇಕೇ ಬೇಕು.

ಇದೇ ಸಂಕಲನದಿಂದ ರೋಬೋಟ್ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಬರುವ "ಲಯರ್!" (1941), "ಲಿಟಲ್ ಲಾಸ್ಟ್ ರೋಬೋಟ್" (1947) ಎರಡನ್ನೂ ಬಿಡದೆ ಓದಿ. ಹಂತ 5ರ ಪುಸ್ತಕದಲ್ಲಿ ಹೆಣ್ಣು ಪಾತ್ರವನ್ನು ದೀಪ ಹಚ್ಚಿ ಹುಡುಕಬೇಕು, ಅದು ಅದರ ನಿಜವಾದ ಕೊರತೆ. ಕ್ಯಾಲ್ವಿನ್ ಪರಿಚಯ ಮೊದಲೇ ಆಗಿದ್ದರೆ ಬಳಗದ ಹೆಣ್ಣುಮಕ್ಕಳು ಈ ಲೇಖಕರ ಮೇಲೆ ಬೇಗ ಬೇಸರಪಡುವುದಿಲ್ಲ.

## ಹಂತ 4: ಮೊದಲ ಕಾದಂಬರಿ "ದಿ ಕೇವ್ಸ್ ಆಫ್ ಸ್ಟೀಲ್"

1954ರಲ್ಲಿ ಪುಸ್ತಕವಾದ ಈ ಪತ್ತೇದಾರಿ ಕಾದಂಬರಿಯನ್ನು ಮೊದಲಿಗೆ ಇಡುವುದಕ್ಕೆ ಕಾರಣ ಸರಳ: ಕೊಲೆ ಆಗಿದೆ, ಯಾರು ಮಾಡಿದರು ತಿಳಿಯಬೇಕು. ವಿಜ್ಞಾನ ಕಾದಂಬರಿ ನಮಗಲ್ಲ ಎನ್ನುವವರೂ ಇದನ್ನು ಕೈಬಿಡುವುದಿಲ್ಲ. ಮುಚ್ಚಿದ ಉಕ್ಕಿನ ನಗರದೊಳಗೆ ಬದುಕುವ ಪತ್ತೇದಾರ ಎಲೈಜಾ ಬೇಲಿಗೆ ಜೊತೆಗಾರನಾಗಿ ಬರುವ ಆರ್. ಡನೀಲ್ ಒಲಿವಾ ಮನುಷ್ಯನಂತೆಯೇ ಕಾಣುವ ರೋಬೋಟ್.

ಹದಿನೆಂಟು ಅಧ್ಯಾಯ. ಕೂಟಕ್ಕೆ ಆರರಂತೆ ಮೂರು ಕೂಟ. ಮೂರನೇ ಅಧ್ಯಾಯದ ಚಪ್ಪಲಿ ಅಂಗಡಿ ಪ್ರಸಂಗವನ್ನು ಗಟ್ಟಿಯಾಗಿ ಓದಿ. ಅಂಗಡಿಯಲ್ಲಿ ರೋಬೋಟ್ ಕೈಯಿಂದ ಸಾಮಾನು ತೆಗೆದುಕೊಳ್ಳಲು ಒಬ್ಬ ಹೆಂಗಸು ಒಪ್ಪುವುದಿಲ್ಲ, ಜನ ಸೇರುತ್ತಾರೆ, ಇನ್ನೇನು ಗಲಾಟೆ ಹೊತ್ತಿಕೊಳ್ಳಬೇಕು. ಕೆಲಸ ಕಳೆದುಕೊಳ್ಳುವ ಭಯ ಸಿಟ್ಟಾಗುವ ಬಗೆ ನಾಲ್ಕೇ ಪುಟದಲ್ಲಿ ಕಣ್ಣಿಗೆ ಕಟ್ಟುತ್ತದೆ. ಜೀನ್ಸ್ ಹೊಲಿಗೆಯ ಊರಿನವರು, ಯಂತ್ರ ಬಂದು ಕೈಕೆಲಸ ಹೋದದ್ದನ್ನು ಕಂಡವರು ಇಲ್ಲಿ ತಾವಾಗಿ ಮಾತಿಗೆ ಇಳಿಯುತ್ತಾರೆ. ಈ ಚರ್ಚೆಗೆ ಹೊತ್ತು ಮಿತಿ ಹಾಕಬೇಡಿ.

ಎರಡನೇ ಕೂಟದ ಕೊನೆಗೆ, ಅಂದರೆ 12ನೇ ಅಧ್ಯಾಯ ಮುಗಿದ ಮೇಲೆ, ಚೀಟಿ ಡಬ್ಬಿ ಹೊರಗೆ ತನ್ನಿ. ಕೊಲೆಗಾರ ಯಾರು, ಹೇಗೆ ಎಂದು ಪ್ರತಿಯೊಬ್ಬರೂ ಬರೆದು ಮಡಚಿ ಹಾಕಲಿ. ಮೊದಲೇ ಓದಿದವರು ಖಾಲಿ ಚೀಟಿ ಹಾಕಲಿ. ಡಬ್ಬಿ ತೆರೆಯುವುದು ಮೂರನೇ ಕೂಟದಲ್ಲಿ. ಚೀಟಿ ಹಾಕಿದವರಲ್ಲಿ ಪುಸ್ತಕ ಮುಗಿಸದೆ ಬರುವವರು ಅಪರೂಪ.

ಇದರ ಬೆನ್ನಿಗೇ "ದಿ ನೇಕೆಡ್ ಸನ್" (1957). ಇದೇ ಜೋಡಿ, ಬೇರೆ ಗ್ರಹ, ಅಲ್ಲಿ ಇಪ್ಪತ್ತು ಸಾವಿರ ಜನಕ್ಕೆ ಇಪ್ಪತ್ತು ಕೋಟಿ ರೋಬೋಟ್‌ಗಳು. ಅದೇ ವಿಧಾನ ಸಾಕು.

## ಹಂತ 5: "ಫೌಂಡೇಶನ್" ಎಂಬ ಗುಡ್ಡ ಹತ್ತುವುದು

ಅತಿ ಹೆಚ್ಚು ಜನ ಬಿಟ್ಟು ಹೋಗುವುದು ಇಲ್ಲಿ. 1951ರ ಈ ಪುಸ್ತಕವನ್ನು ಒಂದೇ ಕಾದಂಬರಿ ಎಂದು ಹಿಡಿಯುವುದರಿಂದ ತೊಡಕು ಶುರು. ಇದು ಐದು ಕಥೆಗಳ ಕಟ್ಟು: ನಾಲ್ಕು 1942 ಮತ್ತು 1944ರಲ್ಲಿ ಪತ್ರಿಕೆಯಲ್ಲಿ ಬಂದವು, ಮೊದಲನೆಯದನ್ನು ಪುಸ್ತಕಕ್ಕೆಂದೇ ಬರೆದದ್ದು. ಒಂದು ಕಥೆಯಲ್ಲಿ ಮನಸ್ಸಿಗೆ ಹಿಡಿಸಿದ ನಾಯಕ ಸಾಮಾನ್ಯವಾಗಿ ಮುಂದಿನದರಲ್ಲಿ ಇರುವುದಿಲ್ಲ, ನಡುವೆ ದಶಕಗಳು ಉರುಳಿರುತ್ತವೆ. ಗೊತ್ತಿಲ್ಲದೆ ಹೊರಟವರಿಗೆ ಪುಸ್ತಕ ಕೈಕೊಟ್ಟಿತು ಅನ್ನಿಸುತ್ತದೆ. ಐದು ಕಥೆಗೆ ಐದು ಕೂಟ ಎಂದು ಮೊದಲೇ ಹೇಳಿಬಿಡಿ.

ಗೋಡೆಯ ಕಾಗದದ ಮೇಲೆ ಉದ್ದ ಗೆರೆ ಎಳೆಯಿರಿ. ಎಡ ತುದಿಯಲ್ಲಿ ಹನ್ನೆರಡು ಸಾವಿರ ವರ್ಷದ ಸಾಮ್ರಾಜ್ಯ, ಅದರ ರಾಜಧಾನಿ ಟ್ರಾಂಟರ್, ಅಲ್ಲಿನ ನಾಲ್ಕು ಸಾವಿರ ಕೋಟಿ ಜನ. ಸಾಮ್ರಾಜ್ಯ ಬಿದ್ದರೆ ಮೂವತ್ತು ಸಾವಿರ ವರ್ಷ ಕತ್ತಲೆ, ಅದನ್ನು ಒಂದು ಸಾವಿರಕ್ಕೆ ಇಳಿಸಬೇಕು ಎಂಬುದು ಗಣಿತಜ್ಞ ಹರಿ ಸೆಲ್ಡನ್ ಲೆಕ್ಕ. ಮೊದಲ ಕೂಟಕ್ಕೆ ಇಷ್ಟು ಸಾಕು. ಪ್ರತಿ ಕಥೆಯಾದ ಮೇಲೆ ಹೊಸ ಗುರುತು, ಹೊಸ ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತಾ ಹೋಗಿ: ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್, ಹೋಬರ್ ಮ್ಯಾಲೋ. ಮುಂದಿನ ಕಥೆಯ ಹೆಸರನ್ನು ಮುಂಚಿತವಾಗಿ ಬರೆದಿಡಬೇಡಿ, ಅದೂ ಗುಟ್ಟು ಬಿಟ್ಟುಕೊಟ್ಟಂತೆ.

ಹೊಸ ಪಾತ್ರ ಬಂದಾಗ ನಮ್ಮ ಬಯಲಾಟದ ಪದ್ಧತಿ ಬಹಳ ಒದಗಿಬರುತ್ತದೆ. ರಂಗಕ್ಕೆ ಬಂದ ವೇಷವನ್ನು ಸಾರಥಿ ನಿಲ್ಲಿಸಿ ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಹಾಗೆ. ಒಬ್ಬರು ಸಾರಥಿ, ಇನ್ನೊಬ್ಬರು ಟರ್ಮಿನಸ್ ಗ್ರಹದ ಮೇಯರ್ ಹಾರ್ಡಿನ್. ಐದು ನಿಮಿಷ ಪ್ರಶ್ನೋತ್ತರ ನಡೆದರೆ ಪಾತ್ರ ಯಾರಿಗೂ ಮರೆಯುವುದಿಲ್ಲ. ನಾಚಿಕೆ ಸ್ವಭಾವದವರೂ ಮೇಯರ್ ಆದಾಗ ದನಿ ಎತ್ತುತ್ತಾರೆ.

ಚರ್ಚೆಗೆ ಎರಡು ವಿಷಯ ಹಿಡಿದುಕೊಳ್ಳಿ. ಒಂದು, ಮನೋ-ಇತಿಹಾಸ (ಸೈಕೋಹಿಸ್ಟರಿ), ಅಂದರೆ ಜನಸಮೂಹದ ಮುಂದಿನ ನಡೆಯನ್ನು ಲೆಕ್ಕ ಹಾಕುವ ಸೆಲ್ಡನ್ ವಿದ್ಯೆ. ಅಸಿಮೋವ್ ರಸಾಯನಶಾಸ್ತ್ರ ಓದಿದವರು. ಅನಿಲದ ಒಂದು ಕಣ ಎತ್ತ ಹೋದೀತು ಹೇಳಲಾಗದು, ಇಡೀ ಅನಿಲದ ಒತ್ತಡ, ಶಾಖ ಹೇಳಬಹುದು. ಅದೇ ಲೆಕ್ಕವನ್ನು ಮನುಷ್ಯರ ದೊಡ್ಡ ಸಮೂಹಕ್ಕೆ ಹಚ್ಚಿದ್ದಾರೆ. ಷರತ್ತು ಎರಡು: ಜನ ಅಪಾರವಾಗಿರಬೇಕು, ಭವಿಷ್ಯದ ಲೆಕ್ಕ ಅವರಿಗೆ ತಿಳಿದಿರಬಾರದು. ಚುನಾವಣೆ ಸಮೀಕ್ಷೆ ಓದಿದ ಮೇಲೆ ಜನ ಮತ ಬದಲಿಸಿದರೆ ಏನಾದೀತು ಎಂದು ಒಂದು ಕಲ್ಲು ಎಸೆಯಿರಿ, ಮಾತು ತಾನೇ ಹರಿಯುತ್ತದೆ.

ಇನ್ನೊಂದು ನಮ್ಮ ಜಿಲ್ಲೆಯವರೇ ಆಡಬೇಕಾದ ಮಾತು. ಟರ್ಮಿನಸ್ ಗ್ರಹದಲ್ಲಿ ಲೋಹ ಇಲ್ಲವೆನ್ನುವಷ್ಟು ಕಡಿಮೆ. ಅದಿರು ಇಲ್ಲದ್ದರಿಂದಲೇ ಅಲ್ಲಿಯವರು ಯಂತ್ರಗಳನ್ನು ಚಿಕ್ಕದಾಗಿಸುತ್ತಾ, ಜಾಣತನವನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಸಂಡೂರಿನ ಗುಡ್ಡ, ಅದಿರು ಲಾರಿ, ಕೆಂಪು ದೂಳು ನೋಡುತ್ತಾ ಬೆಳೆದವರು ಈ ಪುಸ್ತಕವನ್ನು ಬೇರೆ ಯಾವ ಊರಿನವರಿಗಿಂತ ಹತ್ತಿರದಿಂದ ಓದಬಲ್ಲರು. ಅದಿರು ಇದ್ದವರಿಗೆ ಏನು ಉಳಿಯಿತು, ಇಲ್ಲದವರು ಏನು ಕಟ್ಟಿದರು? ಬಿಸಿ ಏರುವ ಪ್ರಶ್ನೆ, ಏರಲಿ. ಯಾವುದೋ ಪಕ್ಷದ ಜಗಳಕ್ಕೆ ತಿರುಗಿದರೆ ಮಾತ್ರ ಹೇಳುಗರು ಪುಸ್ತಕದ ಸಾಲಿಗೆ ಎಳೆದು ತರಬೇಕು.

## ನಡುವೆ ಕಾಣುವ ಅಪಾಯದ ಗುರುತುಗಳು

ಒಬ್ಬರೇ ಇಪ್ಪತ್ತು ನಿಮಿಷ ಮಾತಾಡಿ, ಉಳಿದವರು ತಲೆಯಾಡಿಸುತ್ತಿದ್ದರೆ ಬಳಗ ಭಾಷಣವಾಗುತ್ತಿದೆ ಎಂದರ್ಥ. ಅವರಿಗೆ ನೋಟ್‌ಬುಕ್ ಕೊಟ್ಟು ಆ ದಿನದ ಮಾತುಗಳನ್ನು ಬರೆದುಕೊಳ್ಳಲು ಹೇಳಿ. ಗೌರವದ ಕೆಲಸ, ಕೈಗೂ ಬಾಯಿಗೂ ಬಿಡುವಿರುವುದಿಲ್ಲ.

"ಓದಲಿಕ್ಕೆ ಆಗಲಿಲ್ಲ ಸರ, ಮುಂದಿನ ಸಲ" ಎಂದು ಒಬ್ಬರೇ ಎರಡು ಸಲ ಹೇಳಿದರೆ ಪುಸ್ತಕ ಅವರಿಗೆ ಭಾರವಾಗಿದೆ. ಗುಂಪಿನಲ್ಲಿ ಕೇಳಬೇಡಿ, ಫೋನ್ ಮಾಡಿ. ಒಂದು ಕೂಟಕ್ಕೆ ಅವರನ್ನು ಬರೀ ಕೇಳುಗರಾಗಿ ಕರೆಯಿರಿ, ಹೇಳುಗರು ಇರುವುದೇ ಅದಕ್ಕೆ.

ತೆರೆಯ ಮೇಲೆ ನೋಡಿದವರ ಬಗ್ಗೆಯೂ ಎಚ್ಚರ ಬೇಕು. 2004ರ "ಐ, ರೋಬೋಟ್" ಸಿನಿಮಾದ ಕಥೆ ಆ ಸಂಕಲನದ ಯಾವ ಕಥೆಯೂ ಅಲ್ಲ. 2021ರಿಂದ ಬಂದ "ಫೌಂಡೇಶನ್" ಸರಣಿಯಲ್ಲಿ ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್ ಇಬ್ಬರೂ ಹೆಣ್ಣುಮಕ್ಕಳು, ನಡೆಯುವ ಸಂಗತಿಗಳೂ ಬಹಳ ಬೇರೆ. ನೋಡಿದವರು ಅದನ್ನು ಪುಸ್ತಕದ ಮಾತೆಂದು ಹೇಳಿ ಗೊಂದಲ ಎಬ್ಬಿಸುತ್ತಾರೆ. ಕೂಟದಲ್ಲಿ ಪುಸ್ತಕದ್ದು ಮಾತ್ರ ಎಂದು ಕಟ್ಟುನಿಟ್ಟಾಗಿರಿ.

## ಹಂತ 6: ಮೌನದ ನಿಯಮ

"ಫೌಂಡೇಶನ್ ಅಂಡ್ ಎಂಪೈರ್" (1952) ಎರಡು ಭಾಗ. ಮೊದಲನೆಯದಕ್ಕೆ ಒಂದು ಕೂಟ. ಎರಡನೆಯದು "ದಿ ಮ್ಯೂಲ್". ಇದನ್ನು ಓದುವ ವಾರಗಳಲ್ಲಿ ವಾಟ್ಸಾಪ್ ಗುಂಪಿನಲ್ಲಿ ಕಥೆಯ ಬಗ್ಗೆ ಒಂದಕ್ಷರವೂ ಬೇಡ, ಇಮೋಜಿಯೂ ಬೇಡ. ಮುಗಿಸಿದವರು ಮುಗಿಸಿದೆ ಎಂದಷ್ಟೇ ಹಾಕಲಿ. ಮುಖಪುಟದ ಹಿಂಬದಿ, ಅಂತರ್ಜಾಲದ ಸಾರಾಂಶ ಯಾವುದನ್ನೂ ನೋಡಬೇಡಿ ಎಂದು ಹೊಸಬರಿಗೆ ಒತ್ತಿ ಹೇಳಿ. "ಅಣ್ಣಾ, ಮುಂದ ಹೇಳಬ್ಯಾಡ್ರಿ" ಎಂದು ಯಾರೇ ಅಂದರೂ ಆ ಕ್ಷಣಕ್ಕೆ ಮಾತು ನಿಲ್ಲಬೇಕು, ವಯಸ್ಸಿನಲ್ಲಿ ಎಷ್ಟೇ ಹಿರಿಯರಾಗಿರಲಿ.

ಈ ಭಾಗದ ಬೇಟಾ ಎಂಬ ಹೆಣ್ಣುಮಗಳ ಮೇಲೆ ಕಣ್ಣಿಡಿ. ಇಷ್ಟು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಲಾರೆ. ಮುಂದಿನ "ಸೆಕೆಂಡ್ ಫೌಂಡೇಶನ್"ಗೂ (1953) ಚೀಟಿ ಡಬ್ಬಿ ಬೇಕಾಗುತ್ತದೆ. ಕೊನೆಯ ಮೂರು ಅಧ್ಯಾಯಗಳಿಗೆ ಮುಂಚೆ ಚೀಟಿ ಹಾಕಿಸಿ.

## ಹಂತ 7: ಎಂಬತ್ತರ ದಶಕದ ದಪ್ಪ ಪುಸ್ತಕಗಳು

ಸುಮಾರು ಮೂವತ್ತು ವರ್ಷ ಬಿಟ್ಟು ಅಸಿಮೋವ್ ಈ ಲೋಕಕ್ಕೆ ಮರಳಿದರು. "ಪ್ರಿಲ್ಯೂಡ್ ಟು ಫೌಂಡೇಶನ್" (1988) ಮುನ್ನುಡಿಯಲ್ಲಿ ಅವರೇ ಕಥೆಯೊಳಗಿನ ಕಾಲಕ್ಕೆ ತಕ್ಕಂತೆ ಪಟ್ಟಿ ಕೊಟ್ಟಿದ್ದಾರೆ. ಬಳಗಗಳನ್ನು ಕೆಡಿಸುವುದು ಆ ಪಟ್ಟಿಯೇ. ಅದರ ಪ್ರಕಾರ "ಪ್ರಿಲ್ಯೂಡ್" "ಫೌಂಡೇಶನ್"ಗಿಂತ ಮೊದಲು ಬರುತ್ತದೆ. ಹಾಗೆ ಓದಿದರೆ ಹಳೆಯ ಪುಸ್ತಕಗಳು ದಶಕಗಟ್ಟಲೆ ಬಚ್ಚಿಟ್ಟದ್ದನ್ನು ಮೊದಲ ವಾರದಲ್ಲೇ ಕಳೆದುಕೊಳ್ಳುತ್ತೀರಿ. ಎರಡನೇ ಸಲ ಓದುವವರಿಗೆ ಆ ಕ್ರಮ ಸೊಗಸು. ಮೊದಲ ಸಲದವರು ಅಚ್ಚಾದ ವರ್ಷವನ್ನೇ ಹಿಡಿಯಬೇಕು: "ಫೌಂಡೇಶನ್ಸ್ ಎಡ್ಜ್" (1982), "ದಿ ರೋಬೋಟ್ಸ್ ಆಫ್ ಡಾನ್" (1983), "ರೋಬೋಟ್ಸ್ ಅಂಡ್ ಎಂಪೈರ್" (1985), "ಫೌಂಡೇಶನ್ ಅಂಡ್ ಅರ್ಥ್" (1986), "ಪ್ರಿಲ್ಯೂಡ್", ಕೊನೆಗೆ ಅವರು ತೀರಿಕೊಂಡ ಮೇಲೆ ಬಂದ "ಫಾರ್ವರ್ಡ್ ದಿ ಫೌಂಡೇಶನ್" (1993). "ಫೌಂಡೇಶನ್ ಅಂಡ್ ಅರ್ಥ್"ಗೆ ಮುಂಚೆ ರೋಬೋಟ್ ಕಾದಂಬರಿಗಳು ನಾಲ್ಕೂ ಮುಗಿದಿರಲೇಬೇಕು. ಕಾರಣ ಆ ಪುಸ್ತಕದಲ್ಲೇ ಇದೆ.

ಇವು ದಪ್ಪ, ಮಾತು ಹೆಚ್ಚು, ಓಟ ಕಡಿಮೆ. ನನ್ನ ಮಟ್ಟಿಗೆ ಹಳೆಯ ಮೂರು ಸಂಪುಟಗಳ ಬಿಗಿ ಇವುಗಳಲ್ಲಿಲ್ಲ, ಆದರೆ ರೋಬೋಟ್, ಫೌಂಡೇಶನ್ ಎರಡೂ ಸರಣಿಗಳು ಒಂದಾಗುವುದನ್ನು ನೋಡಲು ಬೇರೆ ದಾರಿಯೂ ಇಲ್ಲ. ಪುಸ್ತಕಕ್ಕೆ ಎರಡು ತಿಂಗಳು ಕೊಡಿ. ಮಧ್ಯದಲ್ಲಿ ನಿಂತವರಿಗೆ ಒತ್ತಾಯ ಬೇಡ. ಹೇಳುಗರ ಹದಿನೈದು ನಿಮಿಷದ ಮೇಲೆ ಅವರು ಜೊತೆಗಿರಲಿ.

## ನಡುದಾರಿಯಲ್ಲಿ ಸೇರಲು ಬಂದವರು

ಬಳಗ ಚೆನ್ನಾಗಿ ನಡೆದರೆ ಹೊಸಬರು ಬಂದೇ ಬರುತ್ತಾರೆ. ಅವರನ್ನು ನಡೆಯುತ್ತಿರುವ ಕೂಟದಲ್ಲಿ ಕೂರಿಸಬೇಡಿ, ಹಿಂದಿನ ಪುಸ್ತಕಗಳೆಲ್ಲ ಅವರ ಪಾಲಿಗೆ ಒಂದೇ ಸಂಜೆಯಲ್ಲಿ ಬಯಲಾಗುತ್ತವೆ. ನಾಲ್ಕು ಜನ ಆದ ಕೂಡಲೇ ಹಂತ 2ರಿಂದ ಹೊಸ ತಂಡ ಶುರು ಮಾಡಿ. ಹಳೆಯ ತಂಡದಿಂದ ಒಬ್ಬರು ಅಲ್ಲಿ ಕೂರಲಿ, ಆದರೆ ಹೇಳುಗರಾಗಿ ಅಲ್ಲ. ದೀಪ, ಡಬ್ಬಿ, ಸೀಮೆಸುಣ್ಣ ನೋಡಿಕೊಳ್ಳುವವರಾಗಿ. ಗೋಡೆಯ ಹಳೇ ಕಾಗದ, ಬರೆದಿಟ್ಟ ನೋಟ್‌ಬುಕ್ ಎರಡನ್ನೂ ಹೊಸ ತಂಡ ಬರುವ ಮೊದಲೇ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ.